ಮೂರು ನಿಮಿಷದ ಚಿತ್ರಕ್ಕೆ ಮೂರು ವಾರದ ತಯಾರಿ

“ಅಜ್ಜಿ, ನಾಳೆ ನಮ್ಮ ಶೂಟಿಂಗ್! ನಿನ್ನ ಫೋನ್ ಕೊಡ್ತೀಯಾ?”

ಎಂಟನೇ ತರಗತಿಯ ಮೊಮ್ಮಗಳು ಚಪ್ಪಲಿ ಬಿಡುವ ಮೊದಲೇ ಕೇಳಿದಳು. ಅವಳ ಹಿಂದೆ ಇನ್ನೂ ನಾಲ್ಕು ಮಂದಿ, ಎಲ್ಲರ ಮುಖದಲ್ಲೂ ಜಾತ್ರೆಗೆ ಹೊರಟ ಕಳೆ. ಊರಿನ ಹಿರಿಯರೊಬ್ಬರ ಬಗ್ಗೆ ಮೂರು ನಿಮಿಷದ ವಿಡಿಯೊ ಮಾಡಿ ತರಬೇಕೆಂದು ಶಾಲೆಯಲ್ಲಿ ಹೇಳಿದ್ದರಂತೆ. ಗುಂಪಿನ ಹುಡುಗನೊಬ್ಬನ ತಾತನನ್ನು ಇವರು ಆರಿಸಿಕೊಂಡಿದ್ದರು. ಗುಂಡ್ಲುಪೇಟೆಯಿಂದ ಊಟಿ ರಸ್ತೆಯಲ್ಲಿ ಹಂಗಳ ದಾಟಿ ಒಳಕ್ಕೆ ಹೋದರೆ ಬಂಡೀಪುರ ಕಾಡಿನ ಅಂಚಿಗೇ ಅವರ ಹೊಲ. ಆನೆ, ಕಾಡುಹಂದಿ ಬಂದು ಫಸಲು ತಿನ್ನದಂತೆ ನಲವತ್ತು ವರ್ಷದಿಂದ ಮರದ ಮೇಲಿನ ಅಟ್ಟಣೆಯಲ್ಲಿ ರಾತ್ರಿ ಕಾವಲು ಕೂತವರು ಅವರು.

ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವಳು. ಪ್ರಯೋಗಕ್ಕೆ ಮೊದಲು ಮೇಜಿನ ಮೇಲೆ ಏನೇನಿದೆ ಎಂದು ನೋಡುವ ಚಟ ಹೋಗಿಲ್ಲ. “ಏನೇನು ತೆಗೀತೀರಿ, ತೋರಿಸಿ” ಎಂದೆ. ನೋಟ್‌ಬುಕ್ಕಿನ ಹಾಳೆ ಬಂತು. ಒಂದು, ಆನೆ ಹೊಲಕ್ಕೆ ಬರುವುದು. ಎರಡು, ಡ್ರೋನಿನಿಂದ ಕಾಡು. ಮೂರು, ರಾತ್ರಿ ಅಟ್ಟಣೆಯಲ್ಲಿ ತಾತ. ನಾಲ್ಕು, ಸೂರ್ಯಕಾಂತಿ ಹೊಲದಲ್ಲಿ ಎಲ್ಲರೂ ಓಡುವುದು. ಐದು, ತಾತನ ಮಾತು.

ತಾತನ ಮಾತು ಕೊನೆಗೆ! ನಾನು ನಕ್ಕೆ. ಆದರೆ ಆ ತಾತನ ಮೊಮ್ಮಗ ನಗಲಿಲ್ಲ. “ಹೋದ ವರ್ಷದ ಹಾಗೆ ಆಗಬಾರ್ದು ಅಜ್ಜಿ” ಎಂದ, ಮೆಲ್ಲಗೆ.

ಹೋದ ವರ್ಷ ಇದೇ ಆಷಾಢದಲ್ಲಿ ಇದೇ ಮಕ್ಕಳು ಅವನ ಅಜ್ಜಿಯ ಸೋಬಾನೆ ಹಾಡನ್ನು ಚಿತ್ರಿಸಿದ್ದರು. ಅಜ್ಜಿ ಹೊಲದ ಬದುವಿನ ಮೇಲೆ ಕೂತು ಎರಡು ಹಾಡು ಪೂರ್ತಿ ಹೇಳಿದರು. ಮನೆಗೆ ಬಂದು ಕೇಳಿದರೆ ಬರೀ ಗಾಳಿ. ಭರ್‌ರ್ ಎಂಬ ಸದ್ದಿನ ನಡುವೆ ಅಜ್ಜಿಯ ತುಟಿ ಆಡುವುದು ಕಾಣುತ್ತದೆ, ಹಾಡು ಕೇಳುವುದಿಲ್ಲ. ಎರಡನೇ ಹಾಡಿನ ಅರ್ಧಕ್ಕೆ ಫೋನಿನಲ್ಲಿ ಜಾಗವೂ ಮುಗಿದುಹೋಗಿತ್ತು. “ಪರವಾಗಿಲ್ಲ, ಇನ್ನೊಂದು ದಿನ ಹೋಗೋಣ” ಎಂದುಕೊಂಡರು. ಪರೀಕ್ಷೆ ಬಂತು, ದಸರೆ ಬಂತು. ದೀಪಾವಳಿ ಕಳೆದ ಮೇಲೆ ಅಜ್ಜಿ ತೀರಿಕೊಂಡರು.

ಬೆಂಕಿ ಬಿದ್ದಾಗ ಬಾವಿ ತೋಡಿದರು ಎಂಬ ಗಾದೆ ನಮಗೆಲ್ಲ ಗೊತ್ತು. ಅದನ್ನು ನಾನು ಆ ದಿನ ಮಕ್ಕಳಿಗೆ ಹೇಳಲಿಲ್ಲ, ಹೇಳುವ ಅಗತ್ಯವಿರಲಿಲ್ಲ. “ನಾಳೆ ಬೇಡ, ಮೂರು ವಾರ ಬಿಟ್ಟು ಮಾಡೋಣ” ಎಂದಷ್ಟೇ ಹೇಳಿದೆ.

ಮೂರು ಕಾಲಮ್ಮಿನ ಹಾಳೆ

ಹೊಸ ಹಾಳೆಯಲ್ಲಿ ಮೂರು ಕಾಲಮ್ ಎಳೆಸಿದೆ. ಮೊದಲನೆಯದಕ್ಕೆ ‘ಏನು ಕೆಡಬಹುದು?’ ಎಂದು ಹೆಸರು. ಎರಡನೆಯದಕ್ಕೆ ‘ಈಗಲೇ ಏನು ಮಾಡಬಹುದು?’ ಮೂರನೆಯದಕ್ಕೆ ‘ಯಾರ ಹೊಣೆ?’ ಮೂರನೆಯದು ಮುಖ್ಯ. “ಎಲ್ಲರೂ ನೋಡ್ಕೊಳ್ಳೋಣ” ಎಂದರೆ ಯಾರೂ ನೋಡುವುದಿಲ್ಲ ಎಂದೇ ಅರ್ಥ. ಮನೆಯಲ್ಲಿ ಗ್ಯಾಸ್ ಆಫ್ ಮಾಡುವ ವಿಷಯದಲ್ಲಿ ನಮಗೆಲ್ಲ ಇದರ ಅನುಭವವಿದೆ.

ಮೊದಲು ಅವರ ಆಸೆಯ ಪಟ್ಟಿಯನ್ನೇ ಈ ಹಾಳೆಗೆ ಹಾಕಿದೆವು.

ಆನೆ ಬರುವುದನ್ನು ಅಳಿಸಿದೆವು. ನಾವು ಹೇಳಿದ ಸಮಯಕ್ಕೆ ಆನೆ ಬರುವುದಿಲ್ಲ, ಬಂದರೆ ನಾವು ಅಲ್ಲಿರಬಾರದು.

ಡ್ರೋನ್ ಅಳಿಸಿದೆವು. 1973ರಲ್ಲಿ ಹುಲಿ ಯೋಜನೆ ಶುರುವಾದಾಗ ದೇಶದಲ್ಲಿ ಮೊದಲು ಆರಿಸಿದ ಒಂಬತ್ತು ಕಾಡುಗಳಲ್ಲಿ ಬಂಡೀಪುರ ಒಂದು. ಅಲ್ಲಿ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಡ್ರೋನ್ ಹಾರಿಸುವಂತಿಲ್ಲ, ಚಿತ್ರೀಕರಣ ಮಾಡುವಂತಿಲ್ಲ. ಕಾಡಿನ ನಡುವಿನ ರಸ್ತೆಯಲ್ಲಿ ಗಾಡಿ ನಿಲ್ಲಿಸಿ ಇಳಿಯುವಂತೆಯೂ ಇಲ್ಲ. “ದೊಡ್ಡವರಿಗೆಲ್ಲ ಬಿಡ್ತಾರೆ” ಎಂದು ಒಬ್ಬ ಗೊಣಗಿದ. ಇಲ್ಲಪ್ಪ, 2020ರ ಜನವರಿಯಲ್ಲಿ ಟಿವಿ ಕಾರ್ಯಕ್ರಮವೊಂದರ ಚಿತ್ರೀಕರಣಕ್ಕೆ ರಜನೀಕಾಂತ್ ಬಂಡೀಪುರಕ್ಕೆ ಬಂದಾಗಲೂ ಇಲಾಖೆಯ ಅನುಮತಿ ಪಡೆದೇ ಬಂದದ್ದು ಎಂದೆ. ಗೊಣಗಾಟ ನಿಂತಿತು.

ರಾತ್ರಿಯ ಅಟ್ಟಣೆ ಅಳಿಸುವುದಕ್ಕೆ ಮಾತ್ರ ಜಗಳವೇ ಆಯಿತು. ರಾತ್ರಿ ಕಾವಲಿನ ಕಥೆಯನ್ನು ಹಗಲಲ್ಲಿ ಹೇಗೆ ತೋರಿಸುವುದು ಎಂಬುದು ಅವರ ಪ್ರಶ್ನೆ, ನ್ಯಾಯವಾದದ್ದೇ. ಆದರೆ ಬಂಡೀಪುರದ ಮೂಲಕ ಹೋಗುವ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರವನ್ನು 2009ರಿಂದಲೇ ನಿರ್ಬಂಧಿಸಿದ್ದಾರೆ. ಯಾಕೆ? ರಾತ್ರಿ ಪ್ರಾಣಿಗಳದು. ಗಾಡಿಯ ಒಳಗೆ ಕೂತು ಹೋಗುವವರಿಗೇ ಇಷ್ಟು ನಿಯಮವಿರುವಾಗ, ಹೊಲದಲ್ಲಿ ಐದು ಮಕ್ಕಳು ಫೋನ್ ಹಿಡಿದು ನಿಲ್ಲುವುದೆಂದರೇನು? ಕೊನೆಗೆ ಅಷ್ಟು ಹೊತ್ತು ಸುಮ್ಮನಿದ್ದ ಹುಡುಗಿಯೊಬ್ಬಳು ದಾರಿ ಹೇಳಿದಳು. “ರಾತ್ರಿ ತಾತ ಹೇಗೆ ಕೂಗ್ತಾರೋ ಅದನ್ನ ಹಗಲಲ್ಲೇ ರೆಕಾರ್ಡ್ ಮಾಡೋಣ. ಪರದೆ ಕಪ್ಪು ಮಾಡಿ ಬರೀ ಸದ್ದು ಹಾಕೋಣ.” ಇದಕ್ಕಿಂತ ಒಳ್ಳೆಯ ಉಪಾಯ ನನಗಂತೂ ಹೊಳೆದಿರಲಿಲ್ಲ.

ಸೂರ್ಯಕಾಂತಿ ಹೊಲ ಉಳಿಯಿತು, ಓಟ ಹೋಯಿತು. ಆಷಾಢದಲ್ಲಿ ಗುಂಡ್ಲುಪೇಟೆಯ ಸುತ್ತ ಸೂರ್ಯಕಾಂತಿ, ಚೆಂಡುಹೂವು ಅರಳಿದಾಗ ದಾರಿಹೋಕರೆಲ್ಲ ಹೊಲಕ್ಕೆ ಇಳಿದು ಫೋಟೊ ತೆಗೆಸಿಕೊಳ್ಳುತ್ತಾರೆ. ಗಿಡ ಮುರಿದರೆ ನಷ್ಟ ರೈತನಿಗೆ. ಆದ್ದರಿಂದ ಹಾಳೆಯಲ್ಲಿ ‘ಯಜಮಾನರನ್ನು ಕೇಳುವುದು, ಬದುವಿನ ಮೇಲೆ ಮಾತ್ರ ನಿಲ್ಲುವುದು’ ಎಂದು ಬರೆದೆವು.

ಹಾಗೆ ಅಳಿಸುತ್ತ ಹೋದಂತೆ ಐದನೆಯದು ತಾನಾಗಿಯೇ ಮೊದಲನೆಯದಾಯಿತು.

ಮೊದಲು ಕಣ್ಣು, ಆಮೇಲೆ ಕ್ಯಾಮೆರಾ

ಮುಂದಿನ ಭಾನುವಾರ ಬಸ್ಸಿನಲ್ಲಿ ಹೋಗಿ ಜಾಗ ನೋಡಿ ಬಂದೆವು. ಚಿತ್ರ ತೆಗೆಯುವುದಕ್ಕಲ್ಲ, ಬರೀ ನೋಡುವುದಕ್ಕೆ. ಸಿನಿಮಾದವರೂ ಮೊದಲು ಹೀಗೇ ಮಾಡುತ್ತಾರೆ. ‘ಇಲ್ಲಿ ಕಣ್ಣು ಮುಚ್ಚಿ ಒಂದು ನಿಮಿಷ ಕೂತು, ಕೇಳಿಸಿದ್ದನ್ನೆಲ್ಲ ಬರೆಯಿರಿ’ ಎಂದೆ. ಗಾಳಿ, ಹೆದ್ದಾರಿಯ ಲಾರಿ, ಕೋಳಿ, ಪಕ್ಕದ ಹೊಲದ ಬೋರ್‌ವೆಲ್ ಮೋಟಾರು, ಯಾರದೋ ಮನೆಯ ಟಿವಿ. ನಮ್ಮ ಕಿವಿ ಬೇಡದ ಸದ್ದನ್ನು ಬದಿಗಿಟ್ಟು ಬೇಕಾದ ಮಾತನ್ನು ಮಾತ್ರ ಕೇಳಿಸಿಕೊಳ್ಳುತ್ತದೆ. ಫೋನಿನ ಮೈಕಿಗೆ ಆ ವಿವೇಕವಿಲ್ಲ, ಎಲ್ಲವನ್ನೂ ತುಂಬಿಕೊಳ್ಳುತ್ತದೆ.

ತಾತ ಕಡ್ಡಿಯಿಂದ ಹಲ್ಲು ಕೆದಕುತ್ತ ನಮ್ಮನ್ನು ನೋಡುತ್ತಿದ್ದರು. ನಾವು ಗಾಳಿಯ ಬಗ್ಗೆ ಮಾತಾಡುವುದು ಕೇಳಿ ಬಾಯಿ ಬಿಟ್ಟರು.

“ಹೊತ್ತೇರ್ದಂಗೆ ಗಾಳಿ ಜೋರಾಯ್ತದ ಕನವ್ವ. ಮಾತು ಬೇಕಂದ್ರೆ ಬೆಳಿಗ್ಗೆನೇ ಬನ್ನಿ. ಹೊಲ್ದಲ್ಲಿ ಬ್ಯಾಡ, ಕೊಟ್ಟಿಗೆ ಹಿಂದ್ಗಡೆ ಕೂತ್ಕೊಂಡ್ರೆ ಗೋಡೆ ಗಾಳಿ ತಡೀತದ. ಮೋಟಾರು ತ್ರೀ ಫೇಸ್ ಕರೆಂಟು ಬಂದಾಗ್ಲೇ ಓಡೋದು. ಯಾವ ವಾರ ಯಾವ ಹೊತ್ತು ಅಂತ ನಾನೇ ಕೇಳಿ ಹೇಳ್ತಿನಿ ಬುಡಿ.”

ಮೂರು ಸಮಸ್ಯೆ ಒಂದೇ ಉಸಿರಿಗೆ ಪರಿಹಾರ! ಮಕ್ಕಳು ಬರೆದುಕೊಂಡರು. ಅಂದಿನಿಂದ ಹಾಳೆಯ ಮೂರನೇ ಕಾಲಮ್ಮಿನಲ್ಲಿ ‘ತಾತ’ ಎಂಬ ಹೆಸರೂ ಸೇರಿತು.

ಬೆಳಕನ್ನೂ ನೋಡಿದೆವು. ನಡುಹಗಲಿನ ಬಿಸಿಲು ನೆತ್ತಿಯ ಮೇಲಿಂದ ಬಿದ್ದು ಕಣ್ಣಿನ ಗುಳಿಯಲ್ಲಿ ಕಪ್ಪು ನೆರಳು ಮಾಡುತ್ತದೆ. ಮಾತಾಡುವವರ ಬೆನ್ನ ಹಿಂದೆ ಬಯಲಿನ ಬೆಳಕಿದ್ದರೆ ಮುಖ ಕಪ್ಪಾಗುತ್ತದೆ. ಕೊಟ್ಟಿಗೆಯ ಹಿಂದೆ ಬೆಳಿಗ್ಗೆ ಎಂಟಕ್ಕೆ ಬೆಳಕು ಪಕ್ಕದಿಂದ ಮೆತ್ತಗೆ ಬೀಳುತ್ತಿತ್ತು. ಅದೇ ಜಾಗ ಎಂದು ನೆಲದ ಮೇಲೆ ಸುಣ್ಣದ ಗುರುತು ಹಾಕಿದೆವು.

ಮನೆಯ ಪಡಸಾಲೆಯಲ್ಲಿ ತಾಲೀಮು

ಎರಡನೇ ವಾರ ನಾನೇ ತಾತನಾದೆ. ಮಕ್ಕಳು ನನ್ನನ್ನು ಕೂರಿಸಿ ಪೂರ್ತಿ ತಾಲೀಮು ಮಾಡಿದರು. ಅಲ್ಲಿ ಕಲಿತದ್ದನ್ನು ಓದುಗ ಮಕ್ಕಳಿಗಾಗಿ ಇಲ್ಲಿ ಬರೆಯುತ್ತೇನೆ.

ಫೋನನ್ನು ಅಡ್ಡ ಹಿಡಿಯಿರಿ. ಲೆನ್ಸನ್ನು ಮೆತ್ತನೆಯ ಹತ್ತಿ ಬಟ್ಟೆಯಿಂದ ಒರೆಸಿ. ಬೆರಳಿನ ಎಣ್ಣೆ ಮಂಜಿನಂತೆ ಕಾಣುತ್ತದೆ. ಶುರು ಮಾಡುವ ಮೊದಲು ಏರೋಪ್ಲೇನ್ ಮೋಡ್ ಹಾಕಿ. ನಮ್ಮ ತಾಲೀಮಿನಲ್ಲಿ ಸರಿಯಾಗಿ ಮುಖ್ಯ ಮಾತಿನ ಹೊತ್ತಿಗೇ ಹಾಲಿನವರ ಕರೆ ಬಂದಿತ್ತು.

ಜಾಗದ ಲೆಕ್ಕ ಹಾಕಿ. ಫೋನಿನಿಂದ ಫೋನಿಗೆ ವ್ಯತ್ಯಾಸವಿದ್ದರೂ ಒಂದು ನಿಮಿಷದ ವಿಡಿಯೊಗೆ ಸುಮಾರು 100 ಎಂಬಿ ಎಂದು ಇಟ್ಟುಕೊಳ್ಳಿ. ಇಪ್ಪತ್ತು ನಿಮಿಷಕ್ಕೆ 2 ಜಿಬಿ. ಅದಕ್ಕೆ ಎರಡರಷ್ಟು ಖಾಲಿ ಇರಲಿ. ನನ್ನ ಫೋನಿನಲ್ಲಿದ್ದ ಆರು ನೂರು ‘ಶುಭೋದಯ’ ಚಿತ್ರಗಳನ್ನು ಮೊಮ್ಮಗಳು ಅಳಿಸಿದಳು, ನಾನು ಸಹಿಸಿಕೊಂಡೆ.

ಸದ್ದಿಗೆ ಬೇರೆ ಫೋನ್ ಇಡಿ. ಒಂದು ಫೋನ್ ದೂರದಿಂದ ಚಿತ್ರ ತೆಗೆಯಲಿ, ಇನ್ನೊಂದು ಮಾತಾಡುವವರ ಪಕ್ಕದಲ್ಲೇ ಸದ್ದು ಹಿಡಿಯಲಿ. ಬಯಲಿನಲ್ಲಿ ಮೈಕು ಮತ್ತು ಬಾಯಿಯ ದೂರವನ್ನು ಅರ್ಧ ಮಾಡಿದರೆ ಸದ್ದಿನ ತೀವ್ರತೆ ನಾಲ್ಕು ಪಟ್ಟಾಗುತ್ತದೆ. ಇದು ನಿಮ್ಮ ವಿಜ್ಞಾನದ ಪಾಠ. ಶುರುವಿನಲ್ಲಿ ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. ಆಮೇಲೆ ಆ ಚಪ್ಪಾಳೆಯ ಸದ್ದಿಗೆ ಚಿತ್ರವನ್ನು ಹೊಂದಿಸಬಹುದು. ಸಿನಿಮಾದಲ್ಲಿ ‘ಟಪ್’ ಎಂದು ಹಲಗೆ ಬಡಿಯುವುದೂ ಇದಕ್ಕೇ.

ಎಲ್ಲಕ್ಕಿಂತ ದೊಡ್ಡದು, ಒಂದು ನಿಮಿಷ ತೆಗೆದು ಅಲ್ಲೇ ಇಯರ್‌ಫೋನಿನಲ್ಲಿ ಕೇಳಿ. ಹೋದ ವರ್ಷ ಇದೊಂದು ಮಾಡಿದ್ದರೆ ಸಾಕಿತ್ತು.

ಅಜ್ಜಿಯ ಲೆಕ್ಕವೂ ಹಾಳೆಗೆ ಸೇರಿತು. ಕುಡಿಯುವ ನೀರು, ಬೆಳಗಿನ ತಿಂಡಿ, ಕೊಡೆ, ಪವರ್ ಬ್ಯಾಂಕ್, ವಾಪಸ್ ಬಸ್ಸಿನ ವೇಳೆ, ಎಲ್ಲರ ಮನೆಯವರ ಒಪ್ಪಿಗೆ, ಜೊತೆಗೆ ಇಬ್ಬರು ದೊಡ್ಡವರು. ಹೊಟ್ಟೆ ಹಸಿದ ಛಾಯಾಗ್ರಾಹಕನ ಕೈ ನಡುಗುತ್ತದೆ.

ತಾಲೀಮಿನಲ್ಲಿ ನನ್ನಿಂದಲೇ ಒಂದು ಸಮಸ್ಯೆ ಹೊರಬಂತು. ಫೋನ್ ಕಂಡ ಕೂಡಲೇ ನಾನು ಬೆನ್ನು ಸೆಟೆದು ಭಾಷಣ ಶುರು ಮಾಡಿದ್ದೆ. ತಾತನೂ ಹೀಗೆ ಮಾಡಿದರೆ? ಕೈಗೆ ಏನಾದರೂ ಕೆಲಸ ಕೊಡಬೇಕು ಎಂದ ಮೊಮ್ಮಗ. “ತಾತ ಹಗ್ಗ ಹೊಸೀತಾ ಕೂತ್ರೆ ಮಾತು ನಿಲ್ಲೋದೇ ಇಲ್ಲ.” ಹಾಗೆಯೇ ‘ಭಯ ಆಗುತ್ತಾ ತಾತ?’ ಎಂಬ ಪ್ರಶ್ನೆಯನ್ನು ‘ತುಂಬ ಭಯವಾದ ಒಂದು ರಾತ್ರಿ ಹೇಳಿ ತಾತ’ ಎಂದು ತಿದ್ದಿದೆವು. ಹೌದು, ಇಲ್ಲ ಎಂದು ಮುಗಿಸಿಬಿಡಬಹುದಾದ ಪ್ರಶ್ನೆಯಿಂದ ಕಥೆ ಹುಟ್ಟುವುದಿಲ್ಲ.

ಅದೇ ಸುಮ್ಮನಿರುವ ಹುಡುಗಿ ಮತ್ತೊಂದು ಕೇಳಿದಳು. “ತಾತ ಹೇಳೋದ್ರಿಂದ ಬೇರೆ ಯಾರಿಗಾದ್ರೂ ನೋವಾದ್ರೆ?” ತಾತನ ಕಥೆಯಲ್ಲಿ ಆನೆ ತುಳಿತಕ್ಕೆ ಸಿಕ್ಕ ಪಕ್ಕದ ಹೊಲದವರೊಬ್ಬರು ಬರುತ್ತಾರೆ. ಅವರ ಹೆಂಡತಿ ಅದೇ ಬೀದಿಯಲ್ಲಿದ್ದಾರೆ. ತಾತನೇ ಅವರ ಮನೆಗೆ ಹೋಗಿ ಕೇಳಿ ಬಂದರು. “ಹೆಸ್ರು ಹೇಳ್ಬ್ಯಾಡಿ ಅಂದ್ಲು” ಎಂದು ತಿಳಿಸಿದರು. ಹಾಗೇ ಆಗಲಿ ಎಂದೆವು. ಬ್ಯಾಟರಿ ಮುಗಿದರೆ ಚಾರ್ಜ್ ಮಾಡಬಹುದು, ಇಂಥದ್ದು ಕೆಟ್ಟರೆ ಸರಿಮಾಡುವುದು ಕಷ್ಟ.

ಕಾಡಿನವರು ಕಾದ ಕಾಲ

ಮೂರನೇ ವಾರದ ಹೊತ್ತಿಗೆ ಮಕ್ಕಳಿಗೆ ಬೇಸರ ಬಂದಿತ್ತು. “ಮೂರು ನಿಮಿಷಕ್ಕೆ ಇಷ್ಟೊಂದಾ?” ಆಗ ನಮ್ಮ ಕಾಡಿನಲ್ಲೇ ಕೆಲಸ ಮಾಡಿದವರ ಕಥೆ ಹೇಳಿದೆ.

ಕೃಪಾಕರ–ಸೇನಾನಿ ಜೋಡಿ ಈ ಸೀಮೆಯ ಸೀಳುನಾಯಿಗಳನ್ನು ವರ್ಷಗಟ್ಟಲೆ ಹಿಂಬಾಲಿಸಿದರು. ಯಾವ ಹಳ್ಳದಲ್ಲಿ ನೀರು ಕುಡಿಯುತ್ತವೆ, ಎಲ್ಲಿ ಮರಿ ಹಾಕುತ್ತವೆ ಎಂದು ತಿಳಿದ ಮೇಲೆ ತಾನೇ ಚಿತ್ರ! ಅವರ ‘ದಿ ಪ್ಯಾಕ್’ ಸರಣಿಗೆ 2010ರಲ್ಲಿ ಗ್ರೀನ್ ಆಸ್ಕರ್ ಎಂದು ಕರೆಯುವ ಪ್ರಶಸ್ತಿ ಬಂತು. ಅಮೋಘವರ್ಷ ಮತ್ತು ಕಲ್ಯಾಣ್ ವರ್ಮಾ ಅವರ ‘ವೈಲ್ಡ್ ಕರ್ನಾಟಕ’ 2020ರಲ್ಲಿ ಚಿತ್ರಮಂದಿರಕ್ಕೆ ಬಂತು. ತೆರೆಯ ಮೇಲೆ ಒಂದು ಗಂಟೆಯೊಳಗೆ ಮುಗಿಯುವ ಆ ಚಿತ್ರದ ಹಿಂದೆ ನಾಲ್ಕು ವರ್ಷದ ಕೆಲಸವಿದೆ.

“ಅಷ್ಟು ತಯಾರಿ ಮಾಡಿದರೆ ಏನೂ ಕೆಡಲ್ವಾ ಅಜ್ಜಿ?” ಎಂದಳು ಮೊಮ್ಮಗಳು. ಕೆಡುತ್ತದೆ. ಇದೇ ಕೃಪಾಕರ–ಸೇನಾನಿ ಅವರನ್ನು 1997ರಲ್ಲಿ ವೀರಪ್ಪನ್ ಅಪಹರಿಸಿ ಹದಿನಾಲ್ಕು ದಿನ ಕಾಡಿನಲ್ಲಿ ಇಟ್ಟುಕೊಂಡಿದ್ದ. ಅದನ್ನು ಯಾರ ಹಾಳೆಯಲ್ಲಿ ಬರೆಯಲು ಸಾಧ್ಯ? ಬರೆಯಬಹುದಾದದ್ದನ್ನೆಲ್ಲ ಬರೆದು ಮುಗಿಸಿದ್ದರೆ, ಬರೆಯಲಾಗದ್ದು ಬಂದಾಗ ಯೋಚಿಸಲು ತಲೆ ಖಾಲಿ ಇರುತ್ತದೆ. ತಯಾರಿ ಇರುವುದು ಅದಕ್ಕೆ ಎಂದೆ.

ಹಾಳೆಯ ಕೊನೆಯ ಸಾಲು ಅಂದೇ ಬರೆದದ್ದು. ‘ಆನೆ ಬಂದಿದ್ದರೆ: ಹೊಲಕ್ಕೆ ಹೋಗುವುದಿಲ್ಲ. ಊರೊಳಗೆ, ಕೊಟ್ಟಿಗೆಯ ಹಿಂದೆ ಮಾತ್ರ. ವಾದವಿಲ್ಲ. ಹೊಣೆ: ತಾತ.’

ಆ ಬೆಳಿಗ್ಗೆ

ಬಸ್ಸಿಳಿದಾಗ ಏಳೂವರೆ. ತಾತ ಊರ ಬಾಗಿಲಲ್ಲೇ ನಿಂತಿದ್ದರು, ಕಣ್ಣು ಕೆಂಪಗಿತ್ತು. ರಾತ್ರಿ ಎರಡು ಆನೆ ಕಂದಕ ದಾಟಿ ಬಂದು ಅವರ ಜೋಳದ ಒಂದು ಮೂಲೆಯನ್ನು ತುಳಿದಿದ್ದವು. ಕಾಡಿಗೆ ಮರಳಿದವೋ ಇಲ್ಲವೋ ಎಂದು ಅರಣ್ಯ ಇಲಾಖೆಯವರು ಇನ್ನೂ ನೋಡುತ್ತಿದ್ದರು.

ಮಕ್ಕಳ ಕಣ್ಣು ಹೊಳೆಯಿತು. ಅಟ್ಟಣೆ, ತುಳಿದ ಜೋಳ, ಆನೆಯ ಹೆಜ್ಜೆ! ಇದಕ್ಕಿಂತ ಒಳ್ಳೆಯ ದೃಶ್ಯ ಬೇಕೆ? “ಎರಡೇ ನಿಮಿಷ ತಾತ” ಎಂದು ಒಬ್ಬ ಹೆಜ್ಜೆ ಮುಂದಿಟ್ಟ. ತಾತನ ಮೊಮ್ಮಗ ಅವನ ತೋಳು ಹಿಡಿದು ಜೇಬಿನಿಂದ ಹಾಳೆ ತೆಗೆದ. ಕೊನೆಯ ಸಾಲನ್ನು ಬೆರಳಿಟ್ಟು ತೋರಿಸಿದ. ಮತ್ತೆ ಯಾರೂ ಮಾತಾಡಲಿಲ್ಲ. ಆ ಕ್ಷಣದಲ್ಲಿ ಕೂತು ತೀರ್ಮಾನಿಸಬೇಕಾಗಿದ್ದರೆ ಆಸೆಯೇ ಗೆಲ್ಲುತ್ತಿತ್ತೋ ಏನೋ. ತೀರ್ಮಾನ ಮನೆಯಲ್ಲೇ, ತಣ್ಣಗಿದ್ದಾಗ ಆಗಿಹೋಗಿತ್ತು.

ಕೊಟ್ಟಿಗೆಯ ಹಿಂದೆ ತಾತ ಹಗ್ಗ ಹೊಸೆಯುತ್ತ ಕೂತರು. ಮೋಟಾರು ನಿಂತಿತ್ತು. ಒಂದು ನಿಮಿಷ ತೆಗೆದು ಕೇಳಿದೆವು. ಮಾತು ಸ್ಪಷ್ಟ, ಹಗ್ಗದ ಸರಸರ ಕೂಡ ಕೇಳುತ್ತಿತ್ತು. ನಿದ್ದೆಗೆಟ್ಟ ತಾತ ಅಂದು ಹೇಳಿದ್ದು ಹಳೆಯ ರಾತ್ರಿಯ ಕಥೆಯನ್ನಲ್ಲ, ಆಗಷ್ಟೇ ಕಳೆದ ರಾತ್ರಿಯದನ್ನು. ಆನೆಯ ಮೇಲೆ ಅವರಿಗೆ ಸಿಟ್ಟಿರಲಿಲ್ಲ. “ಅದ್ಕೂ ಹೊಟ್ಟೆ ಅಲ್ವಾ? ನಂಗೂ ಹೊಟ್ಟೆ. ಇಬ್ರುಗೂ ನಡುವೆ ಈ ಜ್ವಾಳ” ಎಂದರು. ಆಮೇಲೆ ಕತ್ತಲಲ್ಲಿ ಕೂಗುವ ಕೂಗನ್ನು ಕೂಗಿ ತೋರಿಸಿದರು. ಕಟ್ಟಿದ ಎಮ್ಮೆ ಕಿವಿ ನಿಮಿರಿಸಿ ನಿಂತಿತು.

ಮುಗಿದ ಮೇಲೆ ಮಕ್ಕಳು ತಾತನ ಕಿವಿಗೆ ಇಯರ್‌ಫೋನ್ ಇಟ್ಟರು. ತಮ್ಮ ದನಿಯನ್ನು ತಾವೇ ಕೇಳಿ ಅವರು ಮಗುವಿನಂತೆ ನಕ್ಕರು. ನಕ್ಕವರು ಸ್ವಲ್ಪ ಹೊತ್ತು ಸುಮ್ಮನಾಗಿ ಕೇಳಿದರು.

“ಹ್ವಾದೊರ್ಸ ನಿಮ್ಮಜ್ಜಿದು ತಗ್ದಿದ್ರಲ್ಲ, ಅದ್ನೂ ಇಂಗೇ ಕೇಳ್ಬೌದಾ?”

ಮಕ್ಕಳು ನನ್ನ ಮುಖ ನೋಡಿದರು. ಮೊಮ್ಮಗನೇ ಫೋನಿನಲ್ಲಿ ಹುಡುಕಿ ಹಾಕಿಕೊಟ್ಟ. ತಾತ ಆ ಗಾಳಿಯ ಸದ್ದನ್ನು ಕೊನೆಯವರೆಗೂ ಕೇಳಿದರು. ಪರದೆಯ ಮೇಲೆ ಆಡುವ ತುಟಿಯನ್ನೇ ನೋಡುತ್ತಿದ್ದರು. ಮುಗಿದ ಮೇಲೆ ಮೊಮ್ಮಗನ ತಲೆ ಸವರಿ, “ಯಾವ ಹಾಡು ಅಂತ ನಂಗ್ ಗೊತ್ತಾಯ್ತು ಬುಡು” ಎಂದರು. ಆ ಹಾಡಿನ ನಾಲ್ಕು ಸಾಲನ್ನು ತಮ್ಮ ಒಡೆದ ದನಿಯಲ್ಲೇ ಹೇಳಿದರು. ಸದ್ದಿನ ಫೋನನ್ನು ಯಾರೂ ಆಫ್ ಮಾಡಿರಲಿಲ್ಲ. ಅದು ಪೂರ್ತಿ ದಾಖಲಾಯಿತು.

ಅಟ್ಟಣೆಯ ಚಿತ್ರವನ್ನು ಮರುವಾರ, ಆನೆಗಳು ಕಾಡು ಸೇರಿದವೆಂದು ತಿಳಿದ ಮೇಲೆ, ಹಗಲಿನಲ್ಲಿ ತೆಗೆದೆವು. ಬಹುಮಾನ ಬಂತೇ ಎಂದು ಕೇಳುತ್ತೀರಾ? ಸಮಾಧಾನಕರ ಬಹುಮಾನ ಬಂತು. ಮಕ್ಕಳಿಗೆ ಸ್ವಲ್ಪ ಅಸಮಾಧಾನವೇ ಆಯಿತು.

ಮಕ್ಕಳೇ, ನಿಮ್ಮ ಮನೆಯಲ್ಲೂ ಹಾಡು, ಕಥೆ, ಒಗಟು, ಅಡುಗೆ ಬಲ್ಲ ಅಜ್ಜಿ ತಾತ ಇದ್ದರೆ ಮೂರು ಕಾಲಮ್ಮಿನ ಒಂದು ಹಾಳೆ ಮಾಡಿ. ಗಾಳಿ ಬೀಸದ ಜಾಗ ಯಾವುದು ಎಂದು ಅವರನ್ನೇ ಕೇಳಿ. ಅಜ್ಜಿ ತಾತಂದಿರೇ, ಮೊಮ್ಮಕ್ಕಳು ಫೋನ್ ಹಿಡಿದು ಬಂದರೆ “ನಂದೇನು ತೆಗೀತೀಯಾ ಹೋಗು” ಎನ್ನಬೇಡಿ. ಬೆನ್ನು ಸೆಟೆಸದೆ, ಕೈಯಲ್ಲಿ ಒಂದು ಕೆಲಸ ಹಿಡಿದು ಕೂತುಕೊಳ್ಳಿ. ಒಂದು ನಿಮಿಷ ಆದ ಮೇಲೆ, “ಕೇಳಿಸ್ತಾ ನೋಡು ಮಗಾ” ಎಂದು ನೆನಪಿಸಿ.